ಚುಕ್ಕಿ ಬಿದ್ದ ಕಡೆಗೆ ಮಾವ–ಅಳಿಯ

ಕೆಲಸ ಇಟ್ಟುಕೊಂಡು ಹೊರಟವನಿಗೆ ಆ ಕೆಲಸವೊಂದು ಆಗುತ್ತದೆ. ಕೆಲಸವಿಲ್ಲದೆ ಹೊರಟವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಇದನ್ನು ನಾನು ಎಷ್ಟೋ ಭಾನುವಾರಗಳಿಂದ ನೋಡುತ್ತಾ ಬಂದಿದ್ದೇನೆ.

ಈ ಅಭ್ಯಾಸ ಶುರು ಮಾಡಿದವಳು ನನ್ನ ಹೆಂಡತಿ. ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನಲ್ಲಿ ಅವಳಿಗೆ ನಕ್ಷೆ ಬರೆಯುವ ಕೆಲಸ. ಉಪಗ್ರಹದಿಂದ ತೆಗೆದ ಫೋಟೋ ಮುಂದಿಟ್ಟುಕೊಂಡು ಇದು ರಸ್ತೆ, ಇದು ಕೆರೆ, ಇದು ತೋಪು ಅಂತ ದಿನವಿಡೀ ಕಂಪ್ಯೂಟರಿನಲ್ಲಿ ಗೆರೆ ಎಳೆಯಬೇಕು. "ಆನೇಕಲ್ ಕಡೆ ಅರ್ಧ ರಸ್ತೆ ನಾನೇ ಹಾಕಿದ್ದು. ಒಂದರ ಮೇಲೂ ಕಾಲಿಟ್ಟಿಲ್ಲ" ಅನ್ನುತ್ತಿದ್ದಳು. ಅದಕ್ಕೇ ಒಂದು ಆಟ ಹುಡುಕಿದಳು. ಸಿಂಗಸಂದ್ರದ ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರ್ ಒಳಗೆ ಎಲ್ಲಾದರೂ ಒಂದು ಚುಕ್ಕಿ ಇಡು ಅಂದರೆ ಫೋನಿನ ಆ್ಯಪ್ ಇಡುತ್ತದೆ, ಜೊತೆಗೆ ಅದರ ಅಕ್ಷಾಂಶ ರೇಖಾಂಶದ ನಂಬರ್ ಕೊಡುತ್ತದೆ. ಬಿದ್ದ ಚುಕ್ಕಿಯನ್ನು ಬದಲಾಯಿಸುವಂತಿಲ್ಲ. ಸರಿಯಾಗಿ ಅದೇ ಜಾಗದಲ್ಲಿ ಹೋಗಿ ನಿಲ್ಲಬೇಕು. ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಅಲ್ಲೇ ತಿನ್ನಬೇಕು. ಅಷ್ಟೇ ಆಟ.

ನಾನು ಅವಳ ಜೊತೆ ಹೋದದ್ದು ನಾಲ್ಕೇ ಸಲ. ನನಗೆ ಹೆಬ್ಬಗೋಡಿಯ ಒಂದು ಫ್ಯಾಕ್ಟರಿಯಲ್ಲಿ ಅಳತೆ ಸಾಮಾನುಗಳು ಸರಿಯಾಗಿವೆಯೋ ಇಲ್ಲವೋ ಅಂತ ಅಳೆದು ನೋಡುವ ಕೆಲಸ. ವಾರಕ್ಕೆ ಆರು ದಿನ. ಮಿಕ್ಕ ಭಾನುವಾರಗಳಲ್ಲಿ "ಇವತ್ತೊಂದಿನ ಮಲಗೋಕೆ ಬಿಡು ಮಾರಾಯ್ತಿ" ಅಂದಿದ್ದೇನೆ. ಅವಳು ಬಿಟ್ಟಿದ್ದಾಳೆ.

ಆಮೇಲೆ ಅವಳಿಗೆ ಒಂದು ಜ್ವರ ಬಂತು. ಅದು ಬರೀ ಜ್ವರವಲ್ಲ ಅಂತ ಡಾಕ್ಟರಿಗೆ ಗೊತ್ತಾಗುವಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು. ಹತ್ತೊಂಬತ್ತನೆಯ ದಿನ ಅವಳಿರಲಿಲ್ಲ. ನಮಗೆ ಮಕ್ಕಳಿಲ್ಲ.

ಕರೆದವರು ಯಾರು

ನಾವಿಬ್ಬರೂ ಹೋದ ಮೊದಲ ಚುಕ್ಕಿ ಜಿಗಣಿ ಆಚೆಗಿನ ಒಂದು ರಾಗಿ ಹೊಲದಲ್ಲಿ ಬಿದ್ದಿತ್ತು. ನನ್ನ ಹೆಂಡತಿ ಫೋನ್ ಹಿಡಿದು ಬದುವಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿದ್ದಳು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದು ನಿಂತಳು.

"ಏನ್ ಕಳ್ಕಂಡ್ರಿ?"

"ಏನೂ ಕಳೆದಿಲ್ಲ ಅಕ್ಕ. ಫೋನು ಇಲ್ಲಿಗೆ ಬಾ ಅಂತು, ಬಂದ್ವಿ."

"ಯಾರ್ ಮಾಡಿದ್ರು ಪೋನು?"

"ಯಾರೂ ಮಾಡಿಲ್ಲ."

"ಮತ್ಯಾಕ್ ಬಂದ್ರಿ?"

"ಸುಮ್ನೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. "ಇವರಿಗೆ ಇಷ್ಟ ಇಲ್ಲ ಅಕ್ಕ, ನಾನೇ ಎಳ್ಕೊಂಡು ಬಂದೆ" ಅಂದಳು ನನ್ನ ಹೆಂಡತಿ.

"ನಂದೂ ಅಂಗೇಯ. ವಲದ್ ತಾವ ಬಾ ಅಂದ್ರೆ ಬರಾಕಿಲ್ಲ. ನಿಂದು ಎಳ್ದ್ರೆ ಬತ್ತದಲ್ಲ, ಪುಣ್ಯವಂತೆ ಕಣವ್ವ" ಅಂದಳು ಆಕೆ.

ಅಲ್ಲಿಂದ ಹೊರಡುವಾಗ ನನ್ನ ಹೆಂಡತಿ ಸ್ಕೂಟರ್ ಹತ್ತಿ ನನ್ನ ಕಿವಿಯ ಹತ್ತಿರ ಬಗ್ಗಿ, "ನಂದು ಮನೆಗೆ ಬರ್ತದೋ, ಇಲ್ಲೇ ಮೇಯ್ತದೋ?" ಅಂತ ಕೇಳಿದಳು. ನನಗೆ ಸಿಟ್ಟು ಬಂದಿತ್ತು, ಸ್ಕೂಟರ್ ಜೋರಾಗಿ ಓಡಿಸಿದೆ. ಆ ಮಾತಿಗೆ ನಾನು ನಕ್ಕಿದ್ದು ಅವಳು ಹೋಗಿ ಒಂದು ತಿಂಗಳಾದ ಮೇಲೆ, ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಒಬ್ಬನೇ ನಿಂತಿದ್ದಾಗ. ನಗು ಬಂದದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಆಗಲೂ ನಿಲ್ಲಲಿಲ್ಲ. ಪಕ್ಕದ ಆಟೋದವನು ನೋಡಿ ನೋಡಿ ಹೇಳಿದ: "ಗ್ರೀನ್ ಬಿದ್ದಿದ್ದಕ್ಕೆ ಇಷ್ಟೊಂದು ಖುಷಿ ಪಡಬಾರ್ದು ಸಾರ್. ಮುಂದೆ ಇನ್ನೂ ನಾಲ್ಕು ಸಿಗ್ನಲ್ ಇದೆ."

ಕೆರೆ ಸರ್ವೆ

ನನ್ನ ಮಾವ, ಅಂದರೆ ಅವಳ ತಂದೆ, ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವರು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿದೆ. ರಾಣೆಬೆನ್ನೂರಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ಮಗಳ ಕಾರ್ಯಕ್ಕೆ ಬಂದರು. ಕಾರ್ಯ ಮುಗಿದು ಎಲ್ಲರೂ ಊರಿಗೆ ಹೋದರು, ಇವರು ಹೋಗಲಿಲ್ಲ. ನಾನು ಇರಿ ಅನ್ನಲಿಲ್ಲ, ಅವರು ಇರ್ತೀನಿ ಅನ್ನಲಿಲ್ಲ. ಮೂರು ತಿಂಗಳು ಆ ಮನೆಯಲ್ಲಿ ನಾವಿಬ್ಬರೂ ಆಡಿದ ಮಾತು ಇಷ್ಟೇ: "ಊಟ ಆತ್ರಿ?" "ಆಯ್ತು." "ನಳ ಬಂತ್ರಿ?" "ಬಂತು."

ಒಂದು ಭಾನುವಾರ ಬೆಳಿಗ್ಗೆ ಅವರು ಕೇಳಿದರು. "ಆಕಿ ಅದೇನೋ ಚುಕ್ಕಿ ಆಟ ಆಡ್ತಿದ್ಲಲ್ಲ, ಅದು ಹೆಂಗ?"

ಅವಳ ಫೋನ್ ತೆಗೆದು ತೋರಿಸಿದೆ. ಒತ್ತಿದೆ, ಒಂದು ಚುಕ್ಕಿ ಬಿತ್ತು.

"ಇದು ಯಾವ ಊರು?"

"ಊರಲ್ಲ ಮಾವ. ಬರೀ ಜಾಗ."

ಅವರು ಸ್ವಲ್ಪ ಹೊತ್ತು ನೋಡಿ, "ನಡೀರಿ ಹಂಗಾರ" ಅಂದರು. ಹೆಗಲಿಗೆ ಹಳೆಯ ಚರ್ಮದ ಚೀಲ ಹಾಕಿಕೊಂಡರು. ಅದಿಲ್ಲದೆ ಅವರು ಹಾಲಿಗೂ ಹೋಗುವುದಿಲ್ಲ.

ಚುಕ್ಕಿ ಬಿದ್ದದ್ದು ಚಂದಾಪುರದ ಆಚೆ ಒಣಗಿದ ಕೆರೆಯ ಅಂಚಿನಲ್ಲಿ. ಅದರ ಪಕ್ಕದಲ್ಲೇ ಹೊಸ ಬಡಾವಣೆ. ನಾನು ಫೋನ್ ನೋಡುತ್ತಾ "ಇನ್ನೂ ನಾಲ್ಕು ಮೀಟರ್ ಎಡಕ್ಕೆ" ಅನ್ನುವುದು, ಮಾವ ಹೆಜ್ಜೆ ಎಣಿಸಿಕೊಂಡು ಎಡಕ್ಕೆ ಹೋಗುವುದು. ಹೀಗೆ ಐದು ನಿಮಿಷ ಮಾಡಿರಬೇಕು. ತಲೆಯೆತ್ತಿ ನೋಡಿದರೆ ಬಡಾವಣೆಯ ಮಂದಿಯೆಲ್ಲ ಕಾಂಪೌಂಡಿನ ಹತ್ತಿರ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಖಾತೆ ನಕಲು, ಇನ್ನೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕ್ರಯಪತ್ರ. ಆ ವಾರ ಕೆರೆ ಒತ್ತುವರಿಯ ಸರ್ವೆ ಬರುತ್ತದೆ ಅಂತ ಸುದ್ದಿಯಿತ್ತಂತೆ. ಯಾರೋ ಎಳನೀರು ತಂದರು, ಯಾರೋ ಕುರ್ಚಿ ತಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಮಾವನಿಗೆ ಗುಂಪು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. "ಒಬ್ಬೊಬ್ರ ಬರ್ರಿ. ಬಾಗಲದಾಗ ನಿಲ್ಲಬ್ಯಾಡ್ರಿ, ಮುಂದ ಸರೀರಿ, ಮುಂದ ಜಾಗ ಐತಿ."

ಜನ ಸರಿದು ಸಾಲಾಗಿ ನಿಂತರು. ಅಲ್ಲಿಗೆ ನಾವು ಅಧಿಕಾರಿಗಳೇ ಅನ್ನುವುದು ಖಾತ್ರಿಯಾಯಿತು. ನಾನು ಎಷ್ಟು ಹೇಳಿದರೂ, "ಗೊತ್ತು ಸಾರ್, ನೀವು ಹಾಗೇ ಹೇಳ್ಬೇಕು" ಅಂದರು. ಸ್ಕೂಟರಿನ ತನಕ ಒಬ್ಬರು ಹಿಂದೆಯೇ ಬಂದು ಮೆತ್ತಗೆ ಹೇಳಿದರು: "ಸಾರ್, ನಮ್ಮನೆ ಕೆರೇಲಿಲ್ಲ. ಪಕ್ಕದ ಮನೆಯವರದು ಪೂರ್ತಿ ಕೆರೇಲೇ ಇದೆ." ಅವರು ಹೋದರು, ಪಕ್ಕದ ಮನೆಯವರು ಬಂದರು. ಅವರ ಮನೆ ಕೆರೆಯಲ್ಲಿರಲಿಲ್ಲ, ಅದರ ಪಕ್ಕದ್ದು ಇತ್ತು. ಅದಾದ ಮೇಲೆ ಮತ್ತೊಬ್ಬರು.

ದಾರಿಯಲ್ಲಿ ಮಾವ ಹಿಂದೆ ಕೂತು ಹೇಳಿದರು: "ಎಲ್ಲಾರೂ ಬಾಜೂದವರನ್ನ ನೀರಾಗ ನಿಲ್ಲಿಸಿ ತಾವು ದಂಡೀ ಮ್ಯಾಲ ಅದಾರ. ಹಂಗಾರ ಕೆರ್‍ಯಾಗ ಇರೋದು ನಾವಿಬ್ಬರ ನೋಡ್ರಿ."

ಮೂರು ತಿಂಗಳಲ್ಲಿ ಅದು ಅವರು ನನ್ನ ಜೊತೆ ಆಡಿದ ಮೊದಲ ಉದ್ದ ಮಾತು.

ರಿಸರ್ವೇಶನ್ ಸೀಟು

ಸರ್ಜಾಪುರದ ಕಡೆ ಒಂದು ನೀಲಗಿರಿ ತೋಪು. ಚುಕ್ಕಿ ಬಿದ್ದ ಮರದ ಬುಡದಲ್ಲಿ ಒಬ್ಬ ಹುಡುಗ ಒಬ್ಬಳು ಹುಡುಗಿ ಕೂತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಆಫೀಸಿನ ಗುರುತಿನ ಚೀಟಿ. ನಮ್ಮನ್ನು ನೋಡಿ ಹುಡುಗ ತಟಕ್ಕನೆ ಎದ್ದು, "ಅಂಕಲ್, ನಾವು ಪ್ರಾಜೆಕ್ಟ್ ಡಿಸ್ಕಸ್ ಮಾಡ್ತಿದ್ವಿ" ಅಂದ.

"ಮಾಡ್ರಿ. ಸ್ವಲ್ಪ ಈ ಕಡೆ ಸರದ ಕೂತು ಮಾಡ್ರಿ. ಇದು ರಿಸರ್ವೇಶನ್ ಸೀಟು" ಅಂದರು ಮಾವ.

ಅವರು ಸರಿದರು. ನಾವು ಆ ಜಾಗದಲ್ಲಿ ನಿಂತೆವು, ಆಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಎದ್ದು ಹೋಗಲು ಅವರಿಗೆ ಧೈರ್ಯವಿಲ್ಲ, ಕೂತಿರಲು ಸಂಕೋಚ. ಮಾವ ಅವರಿಗೂ ಒಂದೊಂದು ರೊಟ್ಟಿ ಕೊಟ್ಟರು. ಹುಡುಗಿ ರೊಟ್ಟಿ ಮುರಿಯುವುದನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಅಪ್ಪಗ ಫೋನ್ ಮಾಡಿ ಎಷ್ಟು ದಿನ ಆತವ್ವ?"

ಅವಳು ತಲೆ ತಗ್ಗಿಸಿದಳು. "ಒಂದು ತಿಂಗಳಾಯ್ತು ತಾತ. ಟೈಮೇ ಆಗಲ್ಲ."

"ಈಗ ಮಾಡು. ನಾ ಕೂತೇನಿ."

ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ ಅಪ್ಪನಿಗೆ ಫೋನ್ ಮಾಡುವುದು ಯಾವ ಹುಡುಗಿಗೂ ಬೇಡ. ಆದರೂ ಮಾವನ ಮುಖ ನೋಡಿ ಮಾಡಿದಳು. ಆ ಕಡೆಯ ದನಿ ನಮಗೂ ಕೇಳುತ್ತಿತ್ತು. ಏನಾಯ್ತಮ್ಮ, ಹುಷಾರಿಲ್ವಾ, ಅಳ್ತಿದ್ಯಾ ಅಂತ ಒಂದೇ ಸಮನೆ ಕೇಳುತ್ತಿದ್ದರು. "ಏನಿಲ್ಲ ಅಪ್ಪ, ಸುಮ್ನೆ ಮಾಡಿದೆ" ಅಂದಳು. "ಯಾರ ಜೊತೆ ಇದ್ದೀಯ?" ಅಂತು ಆ ಕಡೆಯ ದನಿ.

ಅವಳು ಹುಡುಗನನ್ನು ನೋಡಿದಳು. ಅವನು ನೀಲಗಿರಿ ಮರದ ಹಿಂದೆ ಸರಿದ. ನೀಲಗಿರಿ ಮರದ ಹಿಂದೆ ಯಾರೂ ಅವಿತುಕೊಳ್ಳಲಾರರು, ಅವನು ಎರಡೂ ಕಡೆ ಕಾಣುತ್ತಿದ್ದ.

"ಒಬ್ಬರು ತಾತ ಇದ್ದಾರೆ ಅಪ್ಪ, ಅವರ ಜೊತೆ" ಅಂದಳು.

ಮಾವ ಎದ್ದು ಚೀಲ ಹೆಗಲಿಗೇರಿಸಿ ಹುಡುಗನಿಗೆ ಹೇಳಿದರು: "ಪ್ರಾಜೆಕ್ಟ್ ಲಗೂನ ಮುಗಿಸಪ್ಪ. ಆಕಿ ಅಪ್ಪನ ದನಿ ಕೇಳಿದ್ರ ಮನಿಷಾ ಭಾಳ ಛಲೋ ಅದಾನ, ಆದ್ರ ಗಟ್ಟಿ ಅದಾನ."

ಹೋಳಿಗೆ

ಅವಳ ಫೋನಿನಲ್ಲಿ ಇನ್ನೂ ಹೋಗಬೇಕಾದದ್ದು ಅಂತ ಒಂದೇ ಒಂದು ನಂಬರ್ ಉಳಿದಿತ್ತು. ಜ್ವರ ಬಂದ ವಾರ ಹಾಕಿಟ್ಟ ಚುಕ್ಕಿ. ಅದನ್ನು ನಾವಿಬ್ಬರೂ ಮುಟ್ಟಿರಲಿಲ್ಲ. ವರ್ಷದ ಪೂಜೆ ಮುಗಿದ ಮಾರನೆಯ ದಿನ ಮಾವ, "ಇವತ್ತು ಅಲ್ಲಿಗೆ ಹೋಗೋಣ್ರಿ" ಅಂದರು.

ಅವಳಿಗೆ ಶೇಂಗಾ ಹೋಳಿಗೆ ಅಂದರೆ ಪ್ರಾಣ. ಮಾವ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿ, ಕೇಳಿ ಕೇಳಿ ತಾವೇ ಮಾಡಿದರು. ಹಿಟ್ಟು ಹರಿದು, ಹೂರಣ ಸುಟ್ಟು, ಕೊನೆಗೆ ನೋಡುವಂಥವು ಐದು ಉಳಿದವು.

ಅತ್ತಿಬೆಲೆಯಿಂದ ಒಳಗೆ ಹೋಗಿ, ಸ್ಕೂಟರ್ ನಿಲ್ಲಿಸಿ, ಒಂದು ಬಂಡೆಯ ಇಳಿಜಾರು ಹತ್ತಿದೆವು. ಲಂಟಾನದ ಪೊದೆ, ಎರಡು ಜಾಲಿಗಿಡ, ಬಿಸಿಲು. ಮತ್ತೇನೂ ಇಲ್ಲ. ಮಾವ ಸುತ್ತ ನೋಡಿದರು. ಅವರೇನು ಕಾಣಬೇಕು ಅಂದುಕೊಂಡಿದ್ದರೋ.

"ಇಷ್ಟ ಏನ್ರಿ?"

"ಇಷ್ಟೇ ಮಾವ."

ಅವರು ಚೀಲದಿಂದ ಒಂದು ಪಂಚೆ ತೆಗೆದು ಬಂಡೆಯ ಮೇಲೆ ಹಾಸಿ, ಹೋಳಿಗೆ ಇಟ್ಟು, ಕಣ್ಣು ಮುಚ್ಚಿ ಕೂತರು. ನಾನು ಆ ಕಡೆ ಮುಖ ಮಾಡಿ ನಿಂತೆ. ತಿರುಗಿ ನೋಡುವಷ್ಟರಲ್ಲಿ ನಾಲ್ಕು ಮೇಕೆಗಳು ಬಂದು ಐದೂ ಹೋಳಿಗೆ ಮುಗಿಸಿ ಪಂಚೆಯ ಅಂಚು ತಿನ್ನುತ್ತಿದ್ದವು. ಮಾವ ಕಣ್ಣು ಬಿಟ್ಟು ಖಾಲಿ ಪಂಚೆ ನೋಡಿದರು.

ಆಸ್ಪತ್ರೆಯಲ್ಲಿ ಅತ್ತವರಲ್ಲ. ಮಣ್ಣು ಹಾಕುವಾಗಲೂ ಅತ್ತವರಲ್ಲ. ಈಗ ಅತ್ತರು. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಅಲುಗುತ್ತಾ ಅತ್ತರು. ನಾನು ಹತ್ತಿರ ಹೋದೆ. ಕೈ ಎಲ್ಲಿಡಬೇಕು ಗೊತ್ತಾಗದೆ ಅವರ ಚೀಲದ ಮೇಲೆ ಇಟ್ಟೆ.

ಮೇಕೆ ಕಾಯುತ್ತಿದ್ದ ಮುದುಕಿ ಕೋಲು ಬೀಸುತ್ತಾ ಓಡಿ ಬಂದಳು. ಮೇಕೆಗಳಿಗೆ ಬೈದಳು, ಮಾವನನ್ನು ನೋಡಿ ನಿಂತುಬಿಟ್ಟಳು. "ಅಳ್ಬ್ಯಾಡ ಕಣಪ್ಪ. ಓಳಿಗೆ ತಾನೆ? ಓಯ್ತು ಅಂದ್ಕೋ. ನನ್ ಬುತ್ತೀಲಿ ಮುದ್ದೆ ಐತೆ, ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಏನಪ್ಪ ನೀನು? ವಯಸ್ಸಾದೋರ್ನ ಇಂಗೆ ಒಟ್ಟೆ ಅಸ್ಕೊಂಡು ಅಳೋಗಂಟ ಬಿಡ್ತಾರಾ?"

ಮಾವ ಅಳುತ್ತಲೇ ನಗತೊಡಗಿದರು. ಮುದುಕಿ ಮುದ್ದೆ ಮುರಿದು ಸೊಪ್ಪಿನ ಸಾರಿನ ಜೊತೆ ಕೈಗಿಟ್ಟಳು. ಜೋಳದ ರೊಟ್ಟಿಯ ಊರಿನವರು, ಮುದ್ದೆಯನ್ನು ಅಗಿಯತೊಡಗಿದರು. ಅದು ಹಲ್ಲಿಗೆ ಅಂಟಿ, ಬಾಯಿ ಆಡದಂತಾಯಿತು.

"ಅಗೀಬ್ಯಾಡ, ನುಂಗ್ಬುಡು" ಅಂದಳು ಮುದುಕಿ.

ಮಾವ ತುಂಬಿದ ಬಾಯಲ್ಲಿ, ತುಂಬಿದ ಕಣ್ಣಲ್ಲಿ ನನ್ನ ಕಡೆ ನೋಡಿದರು. "ಇದೊಂದು ಬರವಲ್ದು ನೋಡ್ರಿ ನನಗ."

ಲೊಕೇಶನ್ ಹಿಡಿದು ಬಂದವರು

ಹೋದ ತಿಂಗಳು ಬಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಕಾರು ತೆಗೆದುಕೊಂಡು ಬಂದ. ತಂದೆಯನ್ನು ಕರೆದುಕೊಂಡು ಹೋಗಲು. ಅವನ ಮಾತಿನಲ್ಲೂ ತಪ್ಪಿಲ್ಲ. "ಮಗಾ ಇದ್ದೂ ಅಪ್ಪ ಮಗಳಿಲ್ಲದ ಮನ್ಯಾಗ ಇದ್ದಾನಂತ ಊರಾಗ ಮಂದಿ ಮಾತಾಡ್ತಾರ. ಎಷ್ಟಂತ ಕೇಳಿಸ್ಕೊಳ್ಲಿ?" ಅಂದ. ಮಾವ ನನ್ನ ಮುಖ ನೋಡಲಿಲ್ಲ, ನಾನು ಅವರದ್ದು ನೋಡಲಿಲ್ಲ. ಕೊನೆಗೆ ಮಾವ, "ಇವತ್ತ ಭಾನುವಾರ. ಒಂದು ಚುಕ್ಕಿ ಮುಗಿಸಿ ಬರ್ತೀನಿ. ಆಮ್ಯಾಲ ನೋಡೋಣ" ಅಂದರು. ಅವರ ಬಟ್ಟೆಯ ಬ್ಯಾಗು ಕಾರಿನ ಡಿಕ್ಕಿಗೆ ಹೋಗಿಯೇ ಬಿಟ್ಟಿತ್ತು.

ಮೂವರೂ ಅದೇ ಕಾರಿನಲ್ಲಿ ಹೊರಟೆವು. ಫೋನಿನ ನಕ್ಷೆಯಲ್ಲಿ ಆ ಜಾಗ ಹಸಿರು ತೋಟ. ಹೋಗಿ ನೋಡಿದರೆ ಅರ್ಧ ತೋಟ ಉಳಿದು, ಇನ್ನರ್ಧದಲ್ಲಿ ಹೊಸ ಮನೆ ಎದ್ದಿದೆ. ಚುಕ್ಕಿ ಇದ್ದದ್ದು ಮನೆಯೊಳಗೆ. ಬಾಗಿಲಿಗೆ ರಂಗೋಲಿ. ನಾವು ಗೇಟಿನ ಹತ್ತಿರ ನಿಂತದ್ದೇ ತಡ, ಮನೆಯ ಯಜಮಾನರು ಓಡಿ ಬಂದು ಕೈಮುಗಿದರು.

"ಬನ್ನಿ ಬನ್ನಿ. ದಾರಿ ಸಿಕ್ತಾ?"

"ಫೋನ್ಯಾಗ ಚುಕ್ಕಿ ಇತ್ರಿ, ಅದನ್ನ ಹಿಡಕೊಂಡ ಬಂದ್ವಿ" ಅಂದರು ಮಾವ.

"ನಾನೇ ಕಳ್ಸಿದ್ನಲ್ಲ ಲೊಕೇಶನ್ನು. ಒಳಗ್ ಬನ್ನಿ. ಹೆಂಗಸರು ಯಾರೂ ಬರ್ಲಿಲ್ವಾ?"

"ನಮ್ಮ ಮನ್ಯಾಗ ಹೆಣ್ಮಕ್ಕಳು ಯಾರೂ ಇಲ್ರಿ."

ಯಜಮಾನರಿಗೆ ಪಾಪ ಅನ್ನಿಸಿತು. ಇನ್ನೂ ಮರ್ಯಾದೆ ಹೆಚ್ಚು ಮಾಡಿದರು. ನಾವು ಏನನ್ನೂ ಹೇಳುವ ಮೊದಲೇ ಸೋಫಾದಲ್ಲಿ ಕೂತಿದ್ದೆವು, ಎದುರಿಗೆ ಉಪ್ಪಿಟ್ಟು, ಕೇಸರಿಬಾತು ಬಂದಿತ್ತು. ಎಲ್ಲರೂ ಬಾಮೈದನನ್ನೇ ನೋಡುತ್ತಿದ್ದರು. ಅವನು ಗಾಬರಿಯಾಗಿ, "ನನಗ ಮದಿವಿ ಆಗೇತ್ರಿ" ಅಂದ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಮೂಲೆಯಲ್ಲಿದ್ದ ಅಜ್ಜಿ ಪಿಸುಗುಟ್ಟಿದ್ದು ಇಡೀ ಹಾಲಿಗೆ ಕೇಳಿಸಿತು. "ಪೋಟೋದಾಗೆ ಕೂದ್ಲು ಇತ್ತಲ್ಲ?"

ಆಗ ನನಗೆ ವಿಷಯ ತಿಳಿಯಿತು. ಅದು ಹೆಣ್ಣು ತೋರಿಸುವ ಶಾಸ್ತ್ರ. ನಾನು ಎದ್ದು ನಿಂತೆ. ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ಎದ್ದು ನಿಂತದ್ದು ನನ್ನ ಸಂಸ್ಕಾರ ಅಂತ ಅವರು ಭಾವಿಸಿದರು.

"ಹುಡುಗ ನಿಮಗೆ ಮಗನೇ ಆಗ್ಬೇಕಲ್ವಾ?" ಯಜಮಾನರು ಮಾವನನ್ನು ಕೇಳಿದರು.

"ಮಗಾ ಅವನು" ಅಂತ ಮಾವ ಬಾಮೈದನನ್ನು ತೋರಿಸಿದರು. "ಇವರು ನಮ್ಮ ಅಳಿಯಂದಿರು."

"ಅಳಿಯ ಅಂದ್ರೆ?"

"ನನ್ನ ಮಗಳ ಗಂಡ."

ಹುಡುಗಿ ಕಾಫಿ ತಟ್ಟೆ ಹಿಡಿದುಕೊಂಡೇ ಅಡಿಗೆಮನೆಗೆ ವಾಪಸ್ ಹೋದಳು. ಅಜ್ಜಿಯೇ ಮೊದಲು ಬಾಯಿ ಬಿಟ್ಟಳು. "ಮಗಳ ಗಂಡನಿಗೆ ಎಣ್ಣು ನೋಡಾಕೆ ನೀನೇ ಬಂದಿದ್ದೀಯ? ಮಗಳೆಲ್ಲವ್ಳೆ?"

"ಹೋದ್ಲು, ಯವ್ವ. ಎರಡು ವರ್ಷ ಆಗಾಕ ಬಂತು."

ಅಜ್ಜಿ ಎದ್ದು ಬಂದು ಮಾವನ ಪಕ್ಕ ಕೂತಳು. ಮಾವ ಎಲ್ಲವನ್ನೂ ಹೇಳಿದರು: ಮಗಳು, ನಕ್ಷೆ, ಚುಕ್ಕಿ. ಯಜಮಾನರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. "ಉಪ್ಪಿಟ್ಟಾದ್ರೂ ಮುಗಿಸಿ" ಅಂದರು. ಮುಗಿಸುತ್ತಿರುವಾಗ ನಿಜವಾದ ಗಂಡಿನ ಕಡೆಯವರು ಬಂದರು, ಒಂದು ವ್ಯಾನಿನ ತುಂಬ. ಬಾಗಿಲಲ್ಲೇ ನಿಂತು ನಮ್ಮನ್ನೂ ಖಾಲಿ ತಟ್ಟೆಗಳನ್ನೂ ನೋಡಿದರು.

"ಇವರು ಯಾರು?" ಅಂದರು ಗಂಡಿನ ತಾಯಿ.

ಯಜಮಾನರಿಗೆ ಬೇರೇನೂ ಹೊಳೆಯಲಿಲ್ಲ. "ಇವ್ರೂ ಲೊಕೇಶನ್ ಹಿಡ್ಕೊಂಡು ಬಂದಿದ್ದಾರೆ."

"ಎಷ್ಟು ಜನಕ್ಕೆ ಕಳ್ಸಿದ್ದೀರಾ ಲೊಕೇಶನ್ನು?"

ಆ ಗಲಾಟೆಯಲ್ಲಿ ಅಜ್ಜಿ ಮಾವನ ಕೈ ಹಿಡಿದು, "ನಿನ್ ಮಗಳ ಚುಕ್ಕಿ ಎಲ್ಲೈತೆ, ನಿಂತ್ಕಂಡ್ ಓಗು" ಅಂತ ಒಳಗೆ ಕರೆದುಕೊಂಡು ಹೋದಳು. ಚುಕ್ಕಿ ಇದ್ದದ್ದು ಅಡಿಗೆಮನೆಯಲ್ಲಿ, ಒಲೆಯ ಮುಂದೆ. ಅಲ್ಲಿ ಹುಡುಗಿ ನಿಂತಿದ್ದಳು. ಮಾವ ಅವಳ ಪಕ್ಕದಲ್ಲಿ ಒಂದು ನಿಮಿಷ ನಿಂತರಂತೆ. ಹುಡುಗಿ ಮೆಲ್ಲಗೆ ಕೇಳಿದಳಂತೆ: "ತಾತ, ಈಗ ಬಂದೋರು ಹೆಂಗಿದ್ದಾರೆ?" ಇವರು ಇಣುಕಿ ನೋಡಿ, "ನಮ್ಮವರಿಗಿಂತ ಕೂದ್ಲ ಹೆಚ್ಚದಾವು. ಸೋಫಾದಾಗ ತಾಯಿಗೆ ಮೊದ್ಲ ಜಾಗ ಬಿಟ್ಟು ಕೂತ. ಅಡ್ಡಿಯಿಲ್ಲ" ಅಂದರಂತೆ.

ಹೆಬ್ಬಗೋಡಿ ದಾಟಿದ ಮೇಲೆ ಬಾಮೈದ ಕನ್ನಡಿಯಲ್ಲಿ ತಂದೆಯನ್ನು ನೋಡಿ, "ಮತ್ತ ಊರಿಗೆ?" ಅಂದ.

ಮಾವ ನನ್ನ ಕಡೆ ತಿರುಗಿದರು. "ಅಳಿಯಂದಿರ, ನಿಮಗಿನ್ನೂ ವಯಸ್ಸೈತಿ. ಮುಂದ ಯಾವಾಗರ ನೀವು ಖರೇನ ಹೆಣ್ಣು ನೋಡಾಕ ಹೋಗೋ ಹಂಗಿದ್ರ ನನ್ನ ಅಡ್ಡಿಯಿಲ್ಲ. ನಾನೂ ಬರ್ತೀನಿ. ಆದ್ರ ಒಂದು ಮಾತು ಆಕಿಗೆ ಮೊದ್ಲ ಹೇಳಿಬಿಡ್ರಿ."

"ಏನು ಮಾವ?"

"ಗಂಡಿನ ಜೋಡಿ ಮಾವನೂ ಬರ್ತಾನ, ಹಿಂದಿನ ಕೋಣಿ ಅವಂದು ಅಂತ. ಆಮ್ಯಾಲ ತಕರಾರ ಬ್ಯಾಡ."

ಬಾಮೈದ ಸಿಂಗಸಂದ್ರಕ್ಕೆ ಬಂದು ಕಾರು ನಿಲ್ಲಿಸಿದ, ಡಿಕ್ಕಿ ತೆಗೆದು ಬ್ಯಾಗು ಇಳಿಸಿದ. ಆಮೇಲೆ ಹೆಂಡತಿಗೆ ಫೋನ್ ಮಾಡಿ ಹೇಳಿದ್ದು ಮೆಟ್ಟಿಲ ತನಕ ಕೇಳಿಸಿತು: "ಅಪ್ಪ ಬರಂಗಿಲ್ಲಂತ. ಏನಂತ ಹೇಳ್ಲಿ ನಿನಗ... ಅಳಿಯಗ ಹೆಣ್ಣು ನೋಡಾಕ ಹೋಗಿ, ಉಪ್ಪಿಟ್ಟು ತಿಂದು, ಅವರ ಮಗಳಿಗೆ ಬ್ಯಾರೆ ಗಂಡು ಒಪ್ಪಿಸಿ ಬಂದಾನ."